ಸಲಹೆ ಪೆಟ್ಟಿಗೆಗೆ ಕುಂಕುಮ

ಸೆಪ್ಟೆಂಬರ್ 15, ಸೋಮವಾರ
ಸಲಹೆ ಪೆಟ್ಟಿಗೆ ಇಂದೂ ಖಾಲಿ. ಇಟ್ಟು ಮೂರು ವಾರವಾಯಿತು. ಕುಮಾರಸ್ವಾಮಿ ಲೇಔಟಿನ ಈ ಶೆಡ್ಡಿನಲ್ಲಿ ಹದಿನಾಲ್ಕು ಹೆಂಗಸರು ಟಿಫನ್ ಬ್ಯಾಗ್ ಹೊಲಿಯುತ್ತಾರೆ. ಒಬ್ಬರಿಗೂ ಒಂದು ಐಡಿಯಾ ಇಲ್ಲವೇ? ಬಹುಮಾನಕ್ಕೆ ಮಿಕ್ಸಿ ಬೇರೆ ಇಟ್ಟಿದ್ದೇನೆ. ಸೂಪರ್‌ವೈಸರ್ ಆಗಿದ್ದು ನನ್ನ ಕರ್ಮ.

ಸೆಪ್ಟೆಂಬರ್ 26
ಕಳಿಸಿದ ಬ್ಯಾಗಿನ ಇಡೀ ಲಾಟ್ ವಾಪಸ್. ಹಿಡಿ ಕಿತ್ತು ಬರುತ್ತಿದೆಯಂತೆ. ಓನರ್ ಚಿಕ್ಕಬೈರಪ್ಪನವರು ಕೂಗಾಡಲಿಲ್ಲ — ಅದೇ ಭಯ. ಇನ್ನೊಂದು ಲಾಟ್ ವಾಪಸ್ ಬಂದರೆ ದೀಪಾವಳಿಗೆ ಶೆಡ್ ಮುಚ್ಚುತ್ತಾರೆ. ದಪ್ಪ ದಾರ ಹಾಕಿಸಿದೆ, ಡಬಲ್ ಹೊಲಿಗೆ ಹಾಕಿಸಿದೆ. ಆದರೂ ಕೀಳುತ್ತದೆ. ತಲೆ ಕೆಟ್ಟುಹೋಗಿದೆ.

ಅಕ್ಟೋಬರ್ 1, ಆಯುಧಪೂಜೆ
ಮೆಷಿನ್‌ಗಳಿಗೆಲ್ಲ ಪೂಜೆ. ಓನರ್ ಹೆಂಡತಿ ಮುನಿಲಕ್ಷ್ಮಮ್ಮ ನನ್ನ ಪೆಟ್ಟಿಗೆಯನ್ನೂ ದೇವರ ಪಟದ ಕೆಳಗಿಟ್ಟು, ಕುಂಕುಮ ಹಚ್ಚಿ, ಹೂ ಮುಡಿಸಿಬಿಟ್ಟರು. ಸ್ಟೀಲ್ ಡಬ್ಬ, ಮೇಲೆ ಸೀಳು, ಬೀಗ... ಹುಂಡಿ ಅಂದುಕೊಂಡರಂತೆ! ಕುಂಕುಮ ಬಿದ್ದ ಮೇಲೆ ಮುಗಿಯಿತು. ಎಲ್ಲರೂ ಚಿಲ್ಲರೆ ಹಾಕಿ ಕೈಮುಗಿದರು. ಸುಮ್ಮನೆ ಬೂದುಗುಂಬಳ ಒಡೆದು ಬಂದೆ.

ಅಕ್ಟೋಬರ್ 3
ಬೀಗ ತೆಗೆದೆ. ಚಿಲ್ಲರೆ ನಡುವೆ ಒಂದು ಚೀಟಿ.
‘ದೇವರೇ, ಹಿಡಿ ಪಟ್ಟಿ ಬಾಯಿಗೆ ಮಾತ್ರ ಹೊಲಿಯೋ ಬದಲು ಬ್ಯಾಗಿನ ತಳದಿಂದ ಸುತ್ತಿ ತಂದ್ರೆ ಕೀಳಲ್ಲ. ವಿಷ್ಣು ಸಾರ್‌ಗೆ ಈ ಬುದ್ಧಿ ಕೊಡಪ್ಪ.’
ವಿಷ್ಣು ಸಾರ್ ಅಂದರೆ ನಾನೇ. ನಗಬೇಕೋ ಅಳಬೇಕೋ! ಅಕ್ಷರ ನಮ್ಮ ಹೊಲಿಗೆಯ ಗೌರಮ್ಮನವರದು, ಹಾಜರಿ ಪುಸ್ತಕದಲ್ಲಿ ದಿನಾ ನೋಡುತ್ತೇನೆ. ಕರೆದೆ. ನನಗೇ ಹೇಳಬಹುದಿತ್ತಲ್ಲ ಎಂದೆ.
“ಹೋದ್ ವರ್ಷಾನೇ ಹೇಳಿದ್ದೆ ಸಾರ್. ‘ಹೇಳಿದಷ್ಟು ಮಾಡಿ’ ಅಂದ್ರಿ. ದೇವ್ರು ಹಂಗನ್ನಲ್ಲ.”
ಹೌದು, ಅಂದಿದ್ದೆ. ನಾಚಿಕೆಯಾಯಿತು. ತಪ್ಪಾಯಿತು ಎಂದೆ. ನೀವೇ ಹೊಲಿದು ತೋರಿಸಿ ಎಂದೆ. ಮೂರು ಬ್ಯಾಗ್ ಹಾಳಾದವು. ಬಾಯಿ ಮುಚ್ಚಿಕೊಂಡಿದ್ದೆ — ಕಷ್ಟಪಟ್ಟು. ನಾಲ್ಕನೆಯದಕ್ಕೆ ಐದು ಕೆಜಿ ಅಕ್ಕಿ ತುಂಬಿ ಮೊಳೆಗೆ ನೇತುಹಾಕಿದೆವು. ಸಂಜೆವರೆಗೂ ಮಿಸುಕಲಿಲ್ಲ.

ಅಕ್ಟೋಬರ್ 16
ಗೆದ್ದೆವು! ಹೊಸ ಲಾಟ್‌ನಲ್ಲಿ ಒಂದೂ ವಾಪಸ್ ಇಲ್ಲ. ಮುಂದಿನ ಆರ್ಡರ್ ಎರಡರಷ್ಟು. ಶೆಡ್ ಮುಚ್ಚುವುದಿಲ್ಲ. ಚಿಕ್ಕಬೈರಪ್ಪನವರು ಎಲ್ಲರೆದುರು ಗೌರಮ್ಮನವರಿಗೆ ಮಿಕ್ಸಿ ಕೊಟ್ಟರು. ನಾನು ಗೋಡೆಯ ಬೋರ್ಡಿನಲ್ಲಿ ಹೊಸ ಹೊಲಿಗೆಯ ಹೆಸರು ಬರೆದೆ: ‘ಗೌರಮ್ಮ ಪಟ್ಟಿ’. ಅವರು ಮಿಕ್ಸಿ ಪಕ್ಕಕ್ಕಿಟ್ಟು ಆ ಹೆಸರನ್ನೇ ನೋಡುತ್ತಾ ನಿಂತಿದ್ದರು.

ಅಕ್ಟೋಬರ್ 24, ಮಧ್ಯಾಹ್ನ 3
ಕುಂಕುಮ ಒರೆಸಿಲ್ಲ. ಪೆಟ್ಟಿಗೆ ಪಟದ ಕೆಳಗೇ ಇದೆ. ಇಂದು ಒಂಬತ್ತು ಚೀಟಿ! ಒಂದರಲ್ಲೂ ‘ದೇವರೇ’ ಇಲ್ಲ. ಎಲ್ಲವೂ ನನಗೇ. ಮೊದಲನೆಯದು — ‘ವಿಷ್ಣು ಸಾರ್, ಬೇಜಾರು ಮಾಡ್ಕೋಬೇಡಿ, ದಾರಿಗೆ ಅಡ್ಡ ಇರೋದು ನಿಮ್ ಟೇಬಲ್ಲೇ, ಅದನ್ನ ಸರಿಸಿ.’ ಉಳಿದ ಎಂಟು ಆಮೇಲೆ ಓದುತ್ತೇನೆ, ಮೊದಲು ಟೇಬಲ್ ಎಳೆಯಬೇಕು.