ತಮ್ಮನ ಸೊಸೈಟಿ, ಊರಿನ ಹಣ

ಜೂನ್ 4, ಬೆಳಗ್ಗೆ 6.10

ಹಾಲು ಕಾಯಿಸಿಟ್ಟು ಕೂತಿದ್ದೇನೆ. ಇವರು ಸ್ಕೂಲ್ ಬಸ್ ತೊಳೆಯಲು ಹೋಗಿದ್ದಾರೆ. ಮಗಳು ಎದ್ದಿಲ್ಲ. ಈ ಅರ್ಧ ಗಂಟೆ ನನ್ನದು.

ಪುರಸಭೆಯ ಲೆಕ್ಕಪತ್ರದ ಮೇಜಿಗೆ ಬಂದು ಹನ್ನೊಂದು ವರ್ಷ. ನಿನ್ನೆ ಸರ್ಕಾರದ ಹೊಸ ಸುತ್ತೋಲೆ ಬಂತು. ಊರಿನ ಹಣವನ್ನು ಎಲ್ಲೆಂದರಲ್ಲಿ ಇಡುವ ಹಾಗಿಲ್ಲ. ಸರ್ಕಾರದ ಪಟ್ಟಿಯಲ್ಲಿರುವ ಕಡೆ ಮಾತ್ರ ಠೇವಣಿ. ಮೊದಲು ಸುರಕ್ಷತೆ, ಆಮೇಲೆ ಬೇಕಾದಾಗ ಕೈಗೆ ಸಿಗುವುದು, ಬಡ್ಡಿಯ ಮಾತು ಕೊನೆಗೆ. ಇಷ್ಟು ವರ್ಷ ನಾನು ಬಾಯಲ್ಲಿ ಹೇಳಿ ಸುಸ್ತಾದದ್ದನ್ನು ಯಾರೋ ಅಚ್ಚು ಹಾಕಿಸಿದ್ದಾರೆ. ಒಂಬತ್ತು ಪುಟ. ಸಭೆಗೆ ಅರ್ಥವಾಗುವಂತೆ ಒಂದೇ ಪುಟಕ್ಕೆ ಇಳಿಸಬೇಕು. ಇಂಥ ಕೆಲಸ ನನಗೆ ಇಷ್ಟ. ಹೊರಗೆ ಹೇಳಿದರೆ ನಕ್ಕಾರು.

ಜೂನ್ 7

ಸಂಜೆ ತಮ್ಮ ಬಂದಿದ್ದ. ಖಾಸಗಿ ಸೊಸೈಟಿಯಲ್ಲಿ ಮ್ಯಾನೇಜರ್ ಆಗಿ ಆರು ತಿಂಗಳು. ಚಹಾ ಕುಡಿದು ಮೆಲ್ಲಗೆ ವಿಷಯಕ್ಕೆ ಬಂದ.

"ಅಕ್ಕಾ, ನೀರಿನ ಟ್ಯಾಂಕಿಗೆ ಅಂತ ಎತ್ತಿಟ್ಟಿರೋ ದುಡ್ಡು ಒಂದು ವರ್ಷ ನಮ್ಮಲ್ಲಿ ಇರ್ಲಿ. ಬ್ಯಾಂಕಿಗಿಂತ ಎರಡು ಪರ್ಸೆಂಟ್ ಜಾಸ್ತಿ ಕೊಡ್ತೀವಿ. ನಿಮ್ಮ ಅಧ್ಯಕ್ಷರಿಗೂ ಮನಸ್ಸಿದೆ."

"ನಿಮ್ಮ ಸೊಸೈಟಿ ಪಟ್ಟೀಲಿ ಇಲ್ವಲ್ಲೋ."

"ಇವತ್ತಿಲ್ಲ, ನಾಳೆ ಬರುತ್ತೆ. ನನ್ನ ಕೆಲಸ ಪರ್ಮನೆಂಟ್ ಆಗೋದು ಇದರ ಮೇಲೇ ನಿಂತಿದೆ."

"ನಿನ್ನ ಉಳಿತಾಯ ಎಲ್ಲಿಟ್ಟಿದ್ದೀಯ?"

ಲೋಟದ ತಳ ನೋಡಿದ. "ಬ್ಯಾಂಕಲ್ಲಿ" ಅಂದ. ಇಬ್ಬರಿಗೂ ನಗು ಬಂತು. ಅವನದು ಬೇಗ ನಿಂತಿತು.

ಜೂನ್ 8

ಅಮ್ಮನ ಫೋನ್. "ಒಂದು ಸಹಿ ಹಾಕಿದ್ರೆ ನಿನ್ನ ಕೈ ಸವೆದು ಹೋಗುತ್ತಾ?"

"ಕೈ ನಂದಮ್ಮ, ದುಡ್ಡು ಊರಿಂದು."

ಇಟ್ಟುಬಿಟ್ಟಳು.

ಜೂನ್ 12

ಅಧ್ಯಕ್ಷರು ಕರೆಸಿದ್ದರು. ಕೆಟ್ಟವರಲ್ಲ. ಆ ಹೆಚ್ಚಿನ ಬಡ್ಡಿಯಲ್ಲಿ ಪಾರ್ಕಿಗೆ ದೀಪ ಹಾಕಿಸುವ ಆಸೆ.

"ನಿಯಮ ಅಂದ್ರೆ ರಬ್ಬರ್ ಇದ್ದ ಹಾಗೆ ಮೇಡಂ. ಸ್ವಲ್ಪ ಎಳೀಬಹುದು."

"ಎಳೆದ್ರೆ ಬರುತ್ತೆ ಸರ್. ಬಿಟ್ಟಾಗ ಕೈಗೇ ಹೊಡೆಯುತ್ತೆ."

ನಕ್ಕರು. ಆದರೂ ವಿಷಯ ಸಭೆಗೆ ಬರುತ್ತದೆ. ನನಗೆ ಬೇರೆಯದೇ ಚಿಂತೆ — ನಾಲ್ಕನೇ ಪುಟ. ಠೇವಣಿ ಕೇಳುವ ಸಂಸ್ಥೆಯಲ್ಲಿ ನೌಕರರ ಸಂಬಂಧಿಕರಿದ್ದರೆ ಸಭೆಯಲ್ಲಿ ಎದ್ದು ಹೇಳಬೇಕು. ಮನೆ ವಿಷಯ ಬೀದಿಗೆ ತಂದ ಹಾಗಾಗುತ್ತದೆ. ಇವರಿಗೆ ಹೇಳಿದೆ. ಸಾಕ್ಸ್ ಹುಡುಕುತ್ತಲೇ ಅಂದರು, "ನೀನು ಹೇಳದಿದ್ರೆ ಇನ್ಯಾರೋ ಹೇಳ್ತಾರೆ. ಅದಕ್ಕಿಂತ ನೀನೇ ಹೇಳೋದು ವಾಸಿ." ಇವರು ಅಪರೂಪಕ್ಕೆ ಆಡುವ ಮಾತು, ಮನಸ್ಸು ಹಗುರ ಮಾಡಿತು.

ಜೂನ್ 19, ಮಧ್ಯಾಹ್ನ 1.20

ಡಬ್ಬಿ ಬಿಚ್ಚಿಲ್ಲ ಇನ್ನೂ. ಮೊದಲು ಬರೆದುಬಿಡುತ್ತೇನೆ.

ನನ್ನ ಒಂದು ಪುಟ ಓದಿದೆ. ಆಮೇಲೆ ಹೇಳಿದೆ — "ಸೊಸೈಟಿ ಮ್ಯಾನೇಜರ್ ನನ್ನ ಸ್ವಂತ ತಮ್ಮ." ಅಧ್ಯಕ್ಷರು, "ಪಟ್ಟಿಗೆ ಸೇರೋವರೆಗೆ ವಿನಾಯಿತಿ ಕೇಳೋಣ, ಬಡ್ಡಿ ಬಿಡೋದ್ಯಾಕೆ" ಅಂದರು. ನಾಲ್ಕೈದು ತಲೆ ಆಡಿದವು.

ನಿವೃತ್ತ ನರ್ಸ್ ಒಬ್ಬರು ಸದಸ್ಯರಿದ್ದಾರೆ, ಮಾತು ಕಡಿಮೆ. ಅವರು ಕೇಳಿದರು, "ದುಡ್ಡು ನಾಳೆ ಬೇಕು ಅಂದ್ರೆ ನಾಳೆ ಕೊಡ್ತಾರಾ?"

ಅಧ್ಯಕ್ಷರು ಅಲ್ಲೇ ನನ್ನ ತಮ್ಮನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಅದನ್ನೇ ಕೇಳಿದರು. ಅವನು ಹೂಂ ಅಂದರೆ ಮುಗಿಯಿತು. ಕೆಲಸ ಪರ್ಮನೆಂಟ್. ಆಮೇಲೆ ಯಾರು ಕೇಳುತ್ತಾರೆ...

ಅವನು ಅಂದ, "ಇಲ್ಲ ಸರ್. ತೊಂಬತ್ತು ದಿನ ಮುಂಚೆ ಹೇಳಬೇಕು. ಸುಳ್ಳು ಹೇಳಲ್ಲ."

ಕೈ ಎತ್ತಿಸಿದರು. ಬ್ಯಾಂಕಿಗೇ ಹೆಚ್ಚು ಕೈ.

ನಾನು ಗೆದ್ದೆ ಅನ್ನಿಸಲಿಲ್ಲ. ನನ್ನ ತಮ್ಮ ಅಂತ ಎದ್ದು ಹೇಳಿದ್ದೆನಲ್ಲ, ಇನ್ನೊಮ್ಮೆ ಹೇಳೋಣ ಅನ್ನಿಸಿತು. ಸ್ವಲ್ಪ ಜೋರಾಗಿ.

ಜುಲೈ 3

ಠೇವಣಿ ರಸೀದಿ ಬಂತು, ಬೀರುವಿಗೆ ಹಾಕಿ ಬೀಗ ತಿರುಗಿಸಿದೆ. ಒಳ್ಳೆ ನೆಮ್ಮದಿ. ತಮ್ಮನ ಫೋನ್ ಮಾತ್ರ ಇಲ್ಲ, ಎರಡು ವಾರ. ನಾನು ಮಾಡಿದರೂ ಎತ್ತುತ್ತಿಲ್ಲ.

ಜುಲೈ 9, ಭಾನುವಾರ, 11.30

ಬೆಳಗ್ಗೆ ಅವನೇ ಮಾಡಿದ. ಕೆಲಸ ಹೋಗಿಲ್ಲ. ಪರ್ಮನೆಂಟ್ ಆರು ತಿಂಗಳು ಮುಂದೆ ಹೋಗಿದೆ. ಮೂರು ವಾರ ಮುಖ ಊದಿಸಿಕೊಂಡಿದ್ದೆ ಅಂತ ತಾನೇ ಒಪ್ಪಿಕೊಂಡ. ಸೊಸೈಟಿಯನ್ನು ಸರ್ಕಾರದ ಪಟ್ಟಿಗೆ ಸೇರಿಸುವ ಅರ್ಜಿಯ ಕೆಲಸ ಅವನಿಗೇ ಕೊಟ್ಟಿದ್ದಾರಂತೆ.

"ಆ ಅರ್ಜಿ ನಾನು ನೋಡೋ ಹಾಗಿಲ್ಲ ಕಣೋ."

"ಗೊತ್ತಕ್ಕ. ಒಂಬತ್ತು ಪುಟಾನೂ ಓದಿದೀನಿ. ಅರ್ಜಿ ತರಲ್ಲ, ಅಮ್ಮನ್ನ ಕರ್ಕೊಂಡು ಊಟಕ್ಕೆ ಬರ್ತೀನಿ. ಊಟಕ್ಕೆ ಸುತ್ತೋಲೆ ಬಂದಿಲ್ಲ ತಾನೆ?"

ಎರಡು ಪಾವು ಅಕ್ಕಿ ಹೆಚ್ಚಿಗೆ ಹಾಕಿದ್ದೇನೆ. ಮಗಳು ಬಾಲ್ಕನಿಯಿಂದ ಕೂಗುತ್ತಿದ್ದಾಳೆ, ಬೈಕ್ ಬಂತಂತೆ. ಅಮ್ಮ ಮೆಟ್ಟಿಲ ಕೆಳಗಿನಿಂದಲೇ ನನ್ನ ಹೆಸರು ಹಿಡಿದು ಏನೋ ಶುರು ಮಾಡಿದ್ದಾಳೆ, ಬೈಗುಳವೋ ಏನೋ, ಹೋಗಿ ಬಾಗಿಲು ತೆಗೆಯಬೇಕು.