ಕೆಂಪು ದಾರಕ್ಕೆ ಕತ್ತರಿ ಹಾಕುವ ಮುನ್ನ

ದೊಡ್ಡಾಸ್ಪತ್ರೆಯ ಮುಖ್ಯ ಆಡಳಿತಾಧಿಕಾರಿಗಳೇ, ಹನ್ನೊಂದು ದಿನ ಹೊರದೇಶವನ್ನು ಕಂಡು ಬಂದ ತಮ್ಮ ಕಣ್ಣುಗಳಿಗೆ ಮೊದಲ ನಮಸ್ಕಾರ. ಉಳಿದ ತಮಗೆ ಎರಡನೆಯದು.

ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ರೋಗಿಗಳ ಕಡತಗಳ ಮೇಲಿರುವ ಕೆಂಪು ದಾರಗಳನ್ನೆಲ್ಲ ಕತ್ತರಿಸಿ ತೆಗೆಯಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಆ ದಾರಗಳು ‘ಕೇವಲ ಅಲಂಕಾರಕ್ಕೆ’ ಎಂದು ತಮ್ಮ ಪ್ರವಾಸ ವರದಿಯ ಏಳನೆಯ ಅನುಬಂಧ ಹೇಳುತ್ತದೆಯಂತೆ. ಹೇಳುತ್ತದೆ, ನಿಜ. ಆದರೆ ಆ ಅನುಬಂಧವನ್ನು ಬರೆದವನು ನಾನು. ನಾನು ತಮ್ಮ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವನು. ಹೊರದೇಶದ ಮಾತು ಹಾಗಿರಲಿ, ರಿಂಗ್ ರಸ್ತೆಯ ಆಚೆ ಹೋಗಿ ಬಂದರೂ ನಮ್ಮ ಮನೆಯಲ್ಲಿ ಅದನ್ನು ಪ್ರವಾಸ ಎಂದೇ ಕರೆಯುತ್ತಾರೆ. ಆದ್ದರಿಂದ ದಯವಿಟ್ಟು ಕತ್ತರಿಯನ್ನು ಕೆಳಗಿಡಿ. ಇದು ಹೇಗಾಯಿತು ಎಂಬುದನ್ನು ಸಾದ್ಯಂತ ತಮ್ಮ ಅವಗಾಹನೆಗೆ ತರುತ್ತೇನೆ.

ತಾವು ವಿಮಾನ ಹತ್ತುವ ಮೊದಲು ಆಸ್ಪತ್ರೆಯಲ್ಲಿ ಹೊರರೋಗಿ ವಿಭಾಗ, ಒಳರೋಗಿ ವಿಭಾಗ ಎಂದು ಎರಡೇ ಇದ್ದವು. ತಾವು ಇಳಿದ ಮೇಲೆ ‘ಅಲ್ಲಿ’ ಎಂಬ ಮೂರನೆಯ ವಿಭಾಗ ತೆರೆಯಿತು. ಅಲ್ಲಿ ಯಾರೂ ಕಾರಿಡಾರಿನಲ್ಲಿ ಕೆಮ್ಮುವುದಿಲ್ಲ. ಅಲ್ಲಿ ಫ್ಯಾನುಗಳು ಕಿರುಗುಟ್ಟುವುದಿಲ್ಲ. ಅಲ್ಲಿ ಸ್ಟ್ರೆಚರಿನ ನಾಲ್ಕೂ ಚಕ್ರಗಳು ಒಂದೇ ದಿಕ್ಕಿಗೆ ಹೋಗುತ್ತವೆ. ತಮ್ಮ ವರ್ಣನೆ ಕೇಳಿದರೆ ಅಲ್ಲಿನ ರೋಗಿಗಳು ಸಹ ಸಾಕಷ್ಟು ಆರೋಗ್ಯವಾಗಿರುವಂತೆ ತೋರುತ್ತದೆ. ನೆಲ ಒರೆಸುವವರಿಂದ ಹಿಡಿದು ಹಿರಿಯ ವೈದ್ಯರವರೆಗೆ ಎಲ್ಲರೂ ಈ ‘ಅಲ್ಲಿ’ಯಿಂದ ದಿನಕ್ಕೆ ಮೂರು ಬಾರಿ, ಊಟದ ಮುಂಚೆಯೂ ಊಟದ ನಂತರವೂ, ಅವಮಾನ ಸೇವಿಸುತ್ತಿದ್ದಾರೆ.

ತಾಯ್ನಾಡನ್ನು ಹೊರನಾಡಿನೊಂದಿಗೆ ಹೋಲಿಸಿ ‘ನಮ್ಮದು ಕಳಪೆ’ ಎನ್ನುವುದು ನ್ಯಾಯವೇ? ಹಾಗೆ ಅನ್ನಲೇಬಾರದು ಎಂಬ ಗುಂಪಿಗೆ ನಾನು ಸೇರಿದವನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆ ಗುಂಪಿನ ಶಾಖಾ ಕಚೇರಿ ತಮ್ಮ ಗೇಟಿನಲ್ಲೇ ಇದೆ. ಕಳೆದ ತಿಂಗಳು ಒಬ್ಬ ಅಜ್ಜಿ ಸರದಿಯಲ್ಲಿ ನಿಂತು ನಿಂತು ಸಾಕಾಗಿ, “ಬೇರೆ ದೇಶದಲ್ಲಾಗಿದ್ರೆ ಹೀಗೆ ನಿಲ್ಲಿಸ್ತಿರ್ಲಿಲ್ಲ” ಎಂದರು. ಕಾವಲುಗಾರ ಎದೆಯುಬ್ಬಿಸಿ, “ಹಾಗಾದ್ರೆ ಅಲ್ಲಿಗೇ ಹೋಗಿ ತೋರಿಸ್ಕೊಳ್ಳಿ” ಎಂದ. ಅಜ್ಜಿ ಕೋಪಿಸಿಕೊಳ್ಳದೆ, “ಬಸ್ಸೆಷ್ಟೊತ್ತಿಗಪ್ಪಾ?” ಎಂದು ಕೇಳಿದರು. ನನ್ನ ಮತ ಅಜ್ಜಿಗೆ. ಸೊಂಟ ಹಿಡಿದುಕೊಂಡು ನಿಂತವರು ಎಲ್ಲೋ ಒಂದು ಕಡೆ ಕುರ್ಚಿ ಇದೆಯಂತೆ ಎಂದು ನೆನೆಸಿಕೊಂಡರೆ ಅದು ದೇಶದ್ರೋಹವಲ್ಲ, ಸೊಂಟನೋವು.

ತಮ್ಮ ವರದಿಯಲ್ಲೂ ಅಂಥ ಹೋಲಿಕೆ ಒಂದಿದೆ. ಅರವತ್ತನಾಲ್ಕು ಪುಟಗಳನ್ನು ಏಳು ಪ್ರತಿ ತೆಗೆದು ಸ್ಪೈರಲ್ ಹಾಕಿದವನು ನಾನಾದ್ದರಿಂದ ಆ ವರದಿಯನ್ನು ಪೂರ್ತಿ ಓದಿದ ಏಕೈಕ ಪ್ರಜೆಯೂ ನಾನೇ ಇರಬಹುದು. ಮೂವತ್ತೊಂದನೆಯ ಪುಟ: ‘ಅಲ್ಲಿ ರೋಗಿಯ ಜೊತೆ ಬಂದವರಿಗೂ ಕೂರಲು ಆಸನವಿರುತ್ತದೆ.’ ಓದಿದಾಗ ಮೆಷಿನ್ ನಿಲ್ಲಿಸಿದೆ. ನಮ್ಮ ಮನೆಯ ಅಜ್ಜಿಯ ತೊಡೆಯ ಮೂಳೆ ಮುರಿದ ದಿನ ನಮ್ಮಪ್ಪ ತಮ್ಮ ಕಾರಿಡಾರಿನಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಗೋಡೆಗೆ ಒರಗಿ ನಿಂತಿದ್ದರು. ಆ ಗೋಡೆಯಲ್ಲಿ ಬೆನ್ನುಗಳ ಎತ್ತರಕ್ಕೆ ಒಂದು ಕಪ್ಪು ಪಟ್ಟೆಯೇ ಇದೆ. ಈ ಹೋಲಿಕೆ ನ್ಯಾಯವಾದದ್ದು ಸ್ವಾಮಿ, ಚುಚ್ಚಬೇಕಾದ ಕಡೆಗೇ ಚುಚ್ಚುತ್ತದೆ. ಆದರೆ ವರದಿಯಿಂದ ಜಾರಿಗೆ ಬಂದದ್ದು ಯಾವುದು? ಹನ್ನೆರಡನೆಯ ಪುಟದ ಹೂಕುಂಡಗಳು ಮತ್ತು ನಲವತ್ತನೆಯ ಪುಟದ, ಅಧಿಕಾರಿಯ ಬಾಗಿಲಿಗೆ ಹಾಕುವ ಗಾಜಿನ ನಾಮಫಲಕ. ಮೂವತ್ತೊಂದನೆಯ ಪುಟ ಇನ್ನೂ ನಿಂತೇ ಇದೆ.

ಇನ್ನು ಅನ್ಯಾಯದ ಹೋಲಿಕೆ ಹೇಗಿರುತ್ತದೆ ಎಂಬುದಕ್ಕೆ ದಾಖಲೆ ಕೋಣೆಗೆ ಬರೋಣ.

ಅಲ್ಲಿ ಕೆಲಸ ಮಾಡುವ, ಆಸ್ಪತ್ರೆಯವರೆಲ್ಲ ‘ದಾರದಮ್ಮ’ ಎಂದು ಕರೆಯುವ ಹೆಂಗಸು ನನ್ನ ಸೋದರತ್ತೆ. ಹದಿನಾಲ್ಕು ಮೆಟ್ಟಿಲು ಇಳಿದರೆ ಕಿಟಕಿಯಿಲ್ಲದ ಕೋಣೆ, ಸೂರಿನವರೆಗೆ ಕಬ್ಬಿಣದ ಕಪಾಟು, ಮೂರನೆಯ ಮೆಟ್ಟಿಲಿಗೆ ಬಟ್ಟೆ ಸುತ್ತಿದ ಒಂದು ಏಣಿ. ಅತ್ತೆ ಪ್ರತಿ ವರ್ಷದ ಕಡತಗಳಿಗೂ ಒಂದೊಂದು ಬಣ್ಣದ ದಾರ ಕಟ್ಟುತ್ತಾರೆ. ಮೂಳೆಯವರಿಗೆ ಒಂದು ಗಂಟು, ಕಣ್ಣಿನವರಿಗೆ ಎರಡು, ಮಕ್ಕಳಿಗೆ ಮೂರು. ಕರೆಂಟು ಹೋದರೂ ಬೆರಳಾಡಿಸಿ ಗಂಟು ಎಣಿಸಿ ಕಡತ ಎಳೆದು ಕೊಡುತ್ತಾರೆ. ಇಪ್ಪತ್ತಮೂರು ವರ್ಷಗಳಲ್ಲಿ ಒಂದೂ ಕಳೆದಿಲ್ಲ.

ತಾವು ಬಂದ ಮೂರನೆಯ ದಿನ ಆ ಮೆಟ್ಟಿಲು ಇಳಿದಿರಿ. ಪೂರ್ತಿ ಇಳಿಯಲಿಲ್ಲ, ಹತ್ತನೆಯದರಲ್ಲಿ ನಿಂತಿರಿ ಎಂದು ಅತ್ತೆ ಹೇಳುತ್ತಾರೆ.

“ಇದೇನಮ್ಮಾ, ದಾಖಲೆ ಕೋಣೆನೋ ಟೈಲರ್ ಅಂಗಡಿನೋ? ಅಲ್ಲಿ ಯಾರೂ ಕಡತಕ್ಕೆ ದಾರ ಸುತ್ತಲ್ಲ.”

“ಅಲ್ಲಿ ಹೇಗೆ ಹುಡುಕ್ತಾರೆ ಸಾರ್?”

“ಅಲ್ಲಿ ಹುಡುಕೋದೇ ಇಲ್ಲ. ಸಿಗುತ್ತೆ.”

ಇದಕ್ಕಿಂತ ಸುಂದರವಾದ ವಾಕ್ಯವನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಆದರೆ ದಾರಗಳನ್ನೆಲ್ಲ ತೆಗೆಸುವ ಮಾತೂ ಅದರ ಹಿಂದೆಯೇ ಬಂತು. ಅತ್ತೆ ಮನೆಗೆ ಬಂದವರು ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತರು. “ಟೈಲರ್ ಅಂಗಡಿ ಅಂದ್ರು ಕಣೋ” ಎಂದರು, ಅಷ್ಟೆ.

ಮರುವಾರವೇ ತಮ್ಮ ವರದಿ ಆರು ಅನುಬಂಧಗಳೊಂದಿಗೆ ನನ್ನ ಮೇಜಿಗೆ ಬಂತು. ಏಳನೆಯದನ್ನು ನಾನು ಸೇರಿಸಿದೆ. ಅದೇ ಅಕ್ಷರ, ಅದೇ ಕಾಗದ, ಎರಡೇ ಪುಟ. ‘ಉತ್ತರದ ಆ ತಂಪು ದೇಶದ ಪುರಾತನ ಚಿಕಿತ್ಸಾಲಯವೊಂದರಲ್ಲಿ ಕಡತಗಳನ್ನು ವರ್ಣಸೂತ್ರ ಗ್ರಂಥಿ ವಿಧಾನದಿಂದ ಜೋಡಿಸಲಾಗುತ್ತದೆ’ ಎಂದು ಆರಂಭಿಸಿ, ಅತ್ತೆಯ ಪದ್ಧತಿಯನ್ನೇ ಒಂದೂ ಗಂಟು ಬಿಡದೆ ಬರೆದೆ. ನಡುವೆ ‘ಕಿಟಕಿಯಾಚೆ ಹಿಮ ಬೀಳುತ್ತಿತ್ತು’ ಎಂದು ಒಂದು ಸಾಲು ಹಾಕಿದೆ. ಹಿಮ ಬಿದ್ದರೆ ಯಾವುದೇ ವಿಧಾನ ವೈಜ್ಞಾನಿಕವಾಗಿಬಿಡುತ್ತದೆ ಎಂಬುದು ನನ್ನ ಅಂದಾಜಾಗಿತ್ತು.

ಅಂದಾಜು ಸುಳ್ಳಾಗಲಿಲ್ಲ. ಸಭೆಯಲ್ಲಿ ಅನುಬಂಧ ಏಳನ್ನು ಓದಿದಾಗ ಎಲ್ಲರೂ ತಲೆದೂಗಿದರಂತೆ. ಯಾವ ದೇಶ ಎಂದು ಒಬ್ಬರೂ ಕೇಳಲಿಲ್ಲ. ತಾವು ಕನ್ನಡಕ ತೆಗೆದು, “ನಾನೇ ಕಣ್ಣಾರೆ ನೋಡಿದೆ. ಹೊರಗೆ ಹಿಮ ಬೀಳ್ತಾ ಇತ್ತು” ಎಂದಿರಂತೆ. ವರದಿಯ ಎರಡನೆಯ ಪುಟದ ಪ್ರಕಾರ ತಾವು ಹೋದದ್ದು ಅಲ್ಲಿನ ಕಡುಬೇಸಿಗೆಯಲ್ಲಿ. ಇರಲಿ, ತಾವು ಸುಳ್ಳು ಹೇಳಿದಿರಿ ಎಂದು ನಾನು ಅನ್ನುವುದಿಲ್ಲ. ನೆನಪು ಬಲು ಉದಾರಿ. ಕೇಳದವರಿಗೂ ಕೊಡುತ್ತದೆ.

ದಾರಗಳು ಉಳಿದವು. ಉಳಿದದ್ದಷ್ಟೇ ಅಲ್ಲ, ಅತ್ತೆಗೆ ಗಂಟು ಕಟ್ಟುವುದರಲ್ಲಿ ಮೂರು ದಿನದ ತರಬೇತಿಯೂ ಮಂಜೂರಾಯಿತು. ತರಬೇತುದಾರರು ತಮ್ಮ ಆಪ್ತ ಸಹಾಯಕರು, ಪಠ್ಯಪುಸ್ತಕ ನನ್ನ ಎರಡು ಪುಟ.

“ಅಮ್ಮಾ, ನಿಮ್ಮ ಗಂಟು ಬಿಗಿ ಜಾಸ್ತಿ ಆಯ್ತು. ಅಲ್ಲಿ ಇಷ್ಟು ಬಿಗಿ ಕಟ್ಟಲ್ಲ.”

“ಹೌದಾ ಸಾರ್? ಅಲ್ಲಿ ಕಡತ ಎಷ್ಟು ದಪ್ಪ ಇರುತ್ತೆ?”

“ಅದೆಲ್ಲ ಅನುಬಂಧದಲ್ಲಿಲ್ಲ. ನೀವು ಸಡಿಲ ಮಾಡಿ.”

ಇದನ್ನು ಅತ್ತೆ ಮನೆಯಲ್ಲಿ ಅಭಿನಯಿಸಿ ತೋರಿಸಿದಾಗ ನಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ. ಬರೆದವನು ನಾನೆಂದು ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಆ ಅನುಬಂಧದ ಮೇಲೆ ಕೋಪವೂ ಇರಲಿಲ್ಲ. ಅದರ ಪ್ರತಿಯನ್ನು ಮಡಿಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದರು. “ನೋಡೋ, ನನ್ನ ಹಾಗೇ ಯೋಚ್ನೆ ಮಾಡೋಳು ಒಬ್ಳು ಅಲ್ಲೂ ಇದಾಳೆ” ಎಂದರು. “ಎರಡು ಗಂಟು ಕಣ್ಣಿಗೇ ಅಂತೆ, ಅದೂ ಒಂದೇ! ಪಾಪ, ಆ ಚಳೀಲಿ ಬೆರಳು ಮರಗಟ್ಟುತ್ತೇನೋ.” ಆಗ ನನ್ನ ನಗು ಅರ್ಧಕ್ಕೆ ನಿಂತಿತು. ಆದರೂ ಬಾಯಿ ಬಿಡಲಿಲ್ಲ. ನಾನು ಬಾಯಿ ಬಿಡದೇ ಇದ್ದ ಸಂದರ್ಭ ಅಪರೂಪ, ಅದೂ ತಪ್ಪು ಹೊತ್ತಿನಲ್ಲಿ ಬಂತು.

ಈಗ ಕೆಂಪು ದಾರ. ಕೆಲವು ಕಡತಗಳ ಮೇಲ್ತುದಿಯಲ್ಲಿ, ವರ್ಷದ ಬಣ್ಣ ಯಾವುದೇ ಇರಲಿ, ಒಂದು ಕೆಂಪು ಎಳೆ ಇರುತ್ತದೆ. ಅತ್ತೆಗೆ ಊಟದ ಡಬ್ಬಿ ಕೊಡಲು ಸಾವಿರ ಸಲ ಆ ಕೋಣೆಗೆ ಹೋಗಿದ್ದೇನೆ. ಏಕೆಂದು ಒಮ್ಮೆಯೂ ಕೇಳಿರಲಿಲ್ಲ. ಅನುಬಂಧ ಬರೆಯುವಾಗ ಆ ಜಾಗಕ್ಕೆ ಬಂದು ಪೆನ್ನು ನಿಂತಿತು. ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಗಂಭೀರವಾಗಿ ಗೀಚಿದೆ: ‘ಮೇಲ್ತುದಿಯ ಕೆಂಪು ಸೂತ್ರವು ಕೇವಲ ಅಲಂಕಾರಕ್ಕೆ.’ ಮೂರು ದಿನದ ತರಬೇತಿಯ ಕೊನೆಯಲ್ಲಿ ತಾವು ಮಿತವ್ಯಯದ ಹುರುಪಿನಲ್ಲಿ, ಅಲಂಕಾರವನ್ನು ಕೈಬಿಡತಕ್ಕದ್ದು ಎಂದು ಆದೇಶಿಸಿದಿರಿ.

ಆ ಸಂಜೆ ಅತ್ತೆ ಅಭಿನಯಿಸಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು.

“ಕೆಂಪು ದಾರ ಯಾಕತ್ತೆ?” ಎಂದು, ಇಪ್ಪತ್ತಮೂರು ವರ್ಷ ತಡವಾಗಿ, ಕೇಳಿದೆ.

“ಒಬ್ಬ ಬಡಗಿ ಇದ್ದ ಕಣೋ. ಕಾಲ ಮೇಲೆ ಉಳಿ ಬೀಳಿಸ್ಕೊಂಡು ಬಂದಿದ್ದ. ಒಂದು ಇಂಜೆಕ್ಷನ್ ಅವನ ಮೈಗೆ ಒಗ್ಗಲ್ಲ ಅಂತ ಹಳೇ ಕಡತದಲ್ಲಿ ಬರೆದಿತ್ತು, ಒಂಬತ್ತನೇ ಪುಟದಲ್ಲಿ. ಅಲ್ಲೀತನಕ ಯಾರೂ ಓದಲಿಲ್ಲ. ಕೊಟ್ಬಿಟ್ರು. ಮುಖ ಊದ್ಕೊಂಡು, ಉಸಿರು ಕಟ್ಟಿ, ಮೂರು ದಿನ ಅವನ ಹೆಂಡ್ತಿ ಬಾಗಿಲಲ್ಲೇ ನಿಂತಿದ್ಳು. ಬದುಕಿದ. ಆ ಕಡತ ಎತ್ತಿಕೊಟ್ಟಿದ್ದು ನಾನೇ. ಆಮೇಲೆ ಅಂಥವರದ್ದಕ್ಕೆಲ್ಲ ಕೆಂಪು ಕಟ್ಟೋಕೆ ಶುರು ಮಾಡ್ದೆ. ನರ್ಸುಗಳು ಮೊದಲು ನೋಡೋದೇ ಅದನ್ನ.”

ಅಂಥ ಕಡತಗಳು ಇಂದು ಸಾವಿರದ ಇನ್ನೂರಕ್ಕೂ ಹೆಚ್ಚಿವೆ. ಅತ್ತೆ ಈ ವಿಷಯವನ್ನು ತಮಗೆ ಎರಡು ಬಾರಿ ಬರೆದು ಕೊಟ್ಟರು, ನರ್ಸುಗಳೂ ಸಹಿ ಹಾಕಿದ್ದರು. ಎರಡೂ ಬಾರಿ ಅರ್ಜಿ ‘ಅನುಬಂಧ ಏಳನ್ನು ನೋಡಿ’ ಎಂಬ ಷರಾದೊಂದಿಗೆ ವಾಪಸು ಬಂತು. ಹಾಗಾಗಿ ಎರಡನೆಯದು ವಾಪಸು ಬಂದ ಮರುದಿನ ನಾನೇ ತಮ್ಮ ಗಾಜಿನ ನಾಮಫಲಕದ ಬಾಗಿಲಿಗೆ ಬಂದೆ. ಆಪ್ತ ಸಹಾಯಕರು ತಡೆದರು.

“ಸಾರ್, ಅನುಬಂಧ ಏಳು ನಾನು ಬರೆದಿದ್ದು.”

“ಸಾಹೇಬ್ರು ಕಣ್ಣಾರೆ ನೋಡಿದ್ದನ್ನ ನೀನು ಬರೆದ್ಯಾ? ನೀನ್ಯಾವಾಗ ಹೋಗಿದ್ದೆ ಅಲ್ಲಿಗೆ?”

“ಹೋಗಿಲ್ಲ ಸಾರ್.”

“ಮತ್ತೆ? ಹೋಗದೇ ಇರೋನು ಹೇಗೆ ಬರೀತಾನೆ? ತಲೆ ತಿನ್ಬೇಡ ಹೋಗಪ್ಪ. ಹೋಗ್ತಾ ಈ ಆದೇಶ ನಲವತ್ತು ಕಾಪಿ ತೆಗೆದು ತಂದ್ಕೊಡು.”

ಅದು ಕತ್ತರಿಯ ಆದೇಶವೇ ಆಗಿತ್ತು. ನಲವತ್ತು ಕಾಪಿ ತೆಗೆದೆ. ಪ್ರತಿ ಕಾಪಿಯಲ್ಲೂ ನನ್ನ ವಾಕ್ಯ ಬೆಚ್ಚಗೆ ಹೊರಬರುತ್ತಿತ್ತು. ಈ ಪತ್ರ ಬಹಿರಂಗವಾಗಿರಲು ಅದೇ ಕಾರಣ. ತಮ್ಮ ಬಾಗಿಲಿನಲ್ಲಿ ನಿಜ ಹೇಳುವುದಕ್ಕೂ ಪಾಸ್‌ಪೋರ್ಟ್ ಬೇಕಾಗಿದೆ.

ಮಾನ್ಯರೇ, ನಾವಿಬ್ಬರೂ ಒಂದೇ ತಪ್ಪು ಮಾಡಿದ್ದೇವೆ, ತಾವು ಸಂಬಳ ಸಹಿತ, ನಾನು ಸಂಬಳ ರಹಿತ. ಹೋಲಿಕೆ ಎಂದರೆ ಎರಡು ಕಡೆಯನ್ನೂ ನೋಡಬೇಕಲ್ಲವೇ? ತಾವು ಅಲ್ಲಿಯದನ್ನು ಅಂಗಳದಿಂದ ನೋಡಿದಿರಿ, ಇಲ್ಲಿಯದನ್ನು ಹತ್ತನೆಯ ಮೆಟ್ಟಿಲಿನಿಂದ. ಅಲ್ಲಿಯವರ ತೊಳೆದ ಮುಖವನ್ನೂ ಹಾಸಿಗೆಯಿಂದ ಆಗಷ್ಟೇ ಎದ್ದ ನಮ್ಮವರ ಮುಖವನ್ನೂ ಪಕ್ಕಪಕ್ಕ ಇಟ್ಟಿರಿ. ನಾನಂತೂ ಅಲ್ಲಿಯದನ್ನು ಕಾಣದೆಯೇ ಬರೆದೆ, ಇಲ್ಲಿಯದನ್ನು ಕಂಡರೂ ಕೇಳದೆ ಬರೆದೆ. ಅತ್ತೆ ಮಾತ್ರ ನ್ಯಾಯವಾಗಿ ಹೋಲಿಸಲು ಹೊರಟಿದ್ದರು. ‘ಅಲ್ಲಿ ಹೇಗೆ ಹುಡುಕ್ತಾರೆ?’ ಎಂದು ಕೇಳಿದವರು ಅವರೊಬ್ಬರೇ. ಅಲ್ಲಿಯದು ಮೇಲಾಗಿದ್ದರೆ ಅತ್ತೆ ತಮ್ಮ ದಾರವನ್ನು ತಾವೇ ಬಿಚ್ಚುತ್ತಿದ್ದರು ಎಂದು ನಾನು ಆಣೆ ಇಟ್ಟು ಹೇಳಬಲ್ಲೆ.

ನಿನ್ನೆ ಅವರಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಹಗುರವಾಗುತ್ತಿತ್ತು. ಅವರು ಪರ್ಸಿನಿಂದ ಆ ಮಡಿಚಿದ ಕಾಗದ ತೆಗೆದು, ಬಿಡಿಸಿ, ಇನ್ನೊಮ್ಮೆ ಓದಿದರು.

“ಹಾಗಾದ್ರೆ ಅವಳು ಇಲ್ವಾ?”

“ಇಲ್ಲ ಅತ್ತೆ.”

ಕಾಗದವನ್ನು ಮತ್ತೆ ಮಡಿಚುತ್ತಾ, “ಹಿಮದ ಸಾಲು ಚೆನ್ನಾಗಿ ಬರೆದಿದ್ಯ” ಎಂದರು. ಆಮೇಲೆ, “ಸೋಮವಾರದೊಳಗೆ ಇದನ್ನ ಸರಿ ಮಾಡು. ಹೇಗಾದ್ರೂ ಮಾಡು. ನನ್ನ ಹೆಸರು ಹೇಳಬೇಡ” ಎಂದರು. ಹೆಸರು ಹೇಳಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಸರ್ಕಾರಿ ಕಾಗದ ತಿರುಚಿದ್ದಕ್ಕೆ ನನ್ನ ಮೇಲೆ ಕ್ರಮ ಕೈಗೊಳ್ಳಿ. ನೋಟಿಸಿಗೆ ಎಷ್ಟು ಪ್ರತಿ ಬೇಕಾದರೂ ನಾನೇ ತೆಗೆದುಕೊಡುತ್ತೇನೆ. ಆದರೆ ಅದಕ್ಕೂ ಮೊದಲು ಇದರೊಂದಿಗೆ ಲಗತ್ತಿಸಿರುವ ತಿದ್ದುಪಡಿಗೆ ಸಹಿ ಹಾಕಿ. ಒಂದು ಪುಟವೂ ಇಲ್ಲ, ಮೂರೇ ಸಾಲು:

‘ಅನುಬಂಧ ಏಳರಲ್ಲಿ “ಕೇವಲ ಅಲಂಕಾರಕ್ಕೆ” ಎಂದಿರುವುದನ್ನು “ಚುಚ್ಚುವ ಮೊದಲು ಒಳಗೆ ಓದಿ” ಎಂದು ತಿದ್ದಿಕೊಳ್ಳತಕ್ಕದ್ದು. ಕತ್ತರಿಯ ಆದೇಶ ರದ್ದು. ಸದರಿ ಪದ್ಧತಿ ಕಂಡುಬಂದ ಸ್ಥಳ: ಇದೇ ಕಟ್ಟಡ, ತಮ್ಮ ಕುರ್ಚಿಯಿಂದ ಎರಡು ಅಂತಸ್ತು ಕೆಳಗೆ.’

ಇಂತಿ, ಸೋಮವಾರ ಒಂಬತ್ತೂವರೆಗೇ ದಾಖಲೆ ಕೋಣೆಯ ಬಾಗಿಲಿಗೆ ಅಡ್ಡ ನಿಲ್ಲಲಿರುವ,
ಎಲ್ಲಿಯೂ ಇಲ್ಲದ ದೇಶದ ನಿವೃತ್ತ ತಜ್ಞ