ಐದನೆಯ ಅಂಗಿ

ಭಾನುವಾರ, ಅಂಗಡಿಗೆ ರಜೆ
ಲಾಂಡ್ರಿಯ ಹಿಂದಿನ ಕೋಣೆಯಿಂದ

ಮಗಳ ಅಪ್ಪನವರಿಗೆ,

ಲಾಂಡ್ರಿಯವಳ ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿದ್ದೀರಿ ಅಂತ ಗೊತ್ತು, ಹೇಗೆ ಗೊತ್ತು ಅಂತ ಮಾತ್ರ ಈಗಲೇ ಕೇಳಬೇಡಿ. ನಾನು ಕಳಿಸಿದ ಕಟ್ಟು ಬಿಚ್ಚಿದ ಕೂಡಲೇ ಕಾಗದ ಕಂಡು ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಫೋನೇ ಮಾಡಬಹುದಿತ್ತು. ಆದರೆ ನಮ್ಮ ಫೋನಿನ ಮಾತು ನಿಮಗೆ ಗೊತ್ತಲ್ಲ, ಮೊದಲನೆಯ ವಾಕ್ಯ ಕ್ಷೇಮ, ಎರಡನೆಯದು ಮಗಳ ಓದು, ಮೂರನೆಯದು ಜಗಳ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕಲಾರಿರಿ. ಎರಡು ವರ್ಷದಿಂದ ಇಂಥದೊಂದು ಅವಕಾಶಕ್ಕೆ ಕಾಯುತ್ತಿದ್ದೆ ಅಂತಲೇ ಇಟ್ಟುಕೊಳ್ಳಿ.

ವಿಷಯ ಇಷ್ಟು. ನಾನು ಕಂಪ್ಯೂಟರ್ ಆಟ ಆಡುತ್ತಿದ್ದೇನೆ. ನಗಬೇಡಿ. ಅದೇ ಕೋಟೆ ಆಟ. ಮಗಳು ಸಂಜೆಯೆಲ್ಲ ಆಡುತ್ತಾಳೆ ಅಂತ ನೀವು 'ಕೆಲಸ ಇಲ್ದೋರ ಆಟ ಅದು' ಅಂತ ಬೈದು, ಅವಳು ಮೂರು ದಿನ ನಿಮ್ಮ ಜೊತೆ ಮಾತು ಬಿಟ್ಟಿದ್ದಳಲ್ಲ, ಅದೇ ಆಟ. ಅವಳ ತಂಡದ ಗೆಳತಿಯರೆಲ್ಲ ಪರೀಕ್ಷೆ, ಮದುವೆ, ಕೆಲಸ ಅಂತ ಒಬ್ಬೊಬ್ಬರಾಗಿ ಕಳಚಿಕೊಂಡರು. ಒಂದು ಸಂಜೆ ಬಂದು ನನ್ನ ಮೇಜಿನ ಮುಂದೆ ಮುಖ ಊದಿಸಿಕೊಂಡು ಕೂತಳು. ಅವಳ ಮುಖ ಊದಿದರೆ ನನ್ನ ಕೈಯಲ್ಲಿ ಏನೂ ಕೆಲಸ ಸಾಗದು. ಸರಿ, ಏನು ಮಹಾ, ನಾನೂ ಕೂರುತ್ತೇನೆ ಅಂದುಬಿಟ್ಟೆ.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ನಾನು ಕೂತಿದ್ದು ನೋಡಿ ನಮ್ಮ ಇಸ್ತ್ರಿಯವನು 'ಅಕ್ಕಾ, ನಾನೂ ಬರ್ತೀನಿ' ಅಂದ. ಮೇಲಿನ ಮಹಡಿಯ ಹಲ್ಲಿನ ಡಾಕ್ಟರಮ್ಮ ಕೋಟು ತೆಗೆದುಕೊಂಡು ಹೋಗಲು ಬಂದವರು ಅಲ್ಲೇ ಕುರ್ಚಿ ಎಳೆದುಕೊಂಡರು. ತಂಡಕ್ಕೆ 'ಇಸ್ತ್ರಿ ಪೆಟ್ಟಿಗೆ' ಅಂತ ಹೆಸರಿಟ್ಟೆವು. ಹೆಸರಿಗೇನೋ ಬಿಸಿ ಇತ್ತು, ಆಟ ಮಾತ್ರ ತಣ್ಣಗೆ.

ನಿಮಗೆ ಆಟ ಗೊತ್ತಿಲ್ಲವಲ್ಲ, ಅದಕ್ಕೆ ಹೇಳುತ್ತೇನೆ. ಎರಡು ತಂಡ, ಎರಡು ಕೋಟೆ, ಒಂದೊಂದು ಕಡೆಗೆ ಐದೈದು ಜನ. ಎದುರಿನವರ ಕೋಟೆಯೊಳಗಿನ ದೀಪ ಆರಿಸಬೇಕು, ನಮ್ಮದು ಉಳಿಸಿಕೊಳ್ಳಬೇಕು. ಆಟಕ್ಕೆ ಮುಂಚೆ ಪ್ರತಿಯೊಬ್ಬರೂ ಒಂದೊಂದು ಪಾತ್ರ ಆರಿಸಿಕೊಳ್ಳಬೇಕು. ಕತ್ತಿಯವರು, ಬಿಲ್ಲಿನವರು, ಮಂತ್ರದವರು, ಮೃಗಗಳು, ಒಂದು ಜಾತ್ರೆಗಾಗುವಷ್ಟು ಇದ್ದಾರೆ. ಗುರಾಣಿ ಹಿಡಿದು ಮುಂದೆ ನಿಲ್ಲುವವರು ಒಬ್ಬರು, ಗಾಯಕ್ಕೆ ಮದ್ದು ಹಚ್ಚುವವರು ಒಬ್ಬರು, ದೂರದಿಂದ ಹೊಡೆಯುವವರು ಒಬ್ಬರು, ಕಾಡಿನಲ್ಲಿ ಸುಳಿಯುವವರು ಒಬ್ಬರು, ನಡುದಾರಿ ಕಾಯುವವರು ಒಬ್ಬರು. ಆಯ್ಕೆ ಸರಿಯಾದರೆ ಅರ್ಧ ಗೆದ್ದ ಹಾಗೆ. ನಾವು ಮಾಡಿದ್ದೇನು? ಇದ್ದ ನಾಲ್ವರೂ ಕತ್ತಿಯವರನ್ನೇ ಆರಿಸಿಕೊಂಡೆವು. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು? ಆಟ ಶುರುವಾಗಿ ಇಸ್ತ್ರಿಯವನ ಚಹಾ ಆರುವುದರೊಳಗೆ ನಮ್ಮ ದೀಪ ಆರಿರುತ್ತಿತ್ತು.

ಆಗ ಮಗಳು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಯಾವ ಪಾತ್ರ ಜೋರು ಅನ್ನುವುದನ್ನು ಬಿಟ್ಟು, ಯಾರ ಸ್ವಭಾವ ಏನು ಅಂತ ನೋಡತೊಡಗಿದಳು. ಡಾಕ್ಟರಮ್ಮನಿಗೆ ಕೈ ನಡುಗುವುದಿಲ್ಲ, ಎದುರಿಗಿರುವವರು ಎಷ್ಟು ಕಿರುಚಿದರೂ ಗಮನ ಕದಲುವುದಿಲ್ಲ. ಅವರಿಗೆ ಬಿಲ್ಲಿನ ಹುಡುಗಿ. ಇಸ್ತ್ರಿಯವನು ಬಟ್ಟೆಯ ಎರಡೂ ಮಗ್ಗುಲು ನೋಡುವವನು, ಅವನಿಗೆ ನಡುದಾರಿಯ ಮಂತ್ರವಾದಿ. ಒಂದು ಕಡೆ ಕೂರಲಾರದ ತನಗೆ ಕಾಡಿನ ನರಿ. ಆಮೇಲೆ ನನ್ನ ಕಡೆ ತಿರುಗಿ, 'ಅಮ್ಮಾ, ನಿಂಗೆ ಮದ್ದಿನ ಅಜ್ಜಿ' ಅಂದಳು.

ನನಗೆ ಕೋಪ ಬಂತು. ಹತ್ತು ಜನರನ್ನು ಗದರಿಸಿ ಕೆಲಸ ತೆಗೆಯುವವಳು ನಾನು, ಹಿಂದೆ ನಿಂತು ಮುಲಾಮು ಹಚ್ಚಲೇ? ಅವಳು ನಕ್ಕು, 'ನೀನು ಬೈತಾ ಬೈತಾನೇ ಎಲ್ರಿಗೂ ಊಟ ಹಾಕ್ತೀಯಲ್ಲ, ಇದೂ ಅಷ್ಟೆ' ಅಂದಳು. ಹುಡುಗಿಗೆ ನಿಮ್ಮ ಬುದ್ಧಿ, ಬಾಯಿ ನನ್ನದು. ಒಪ್ಪಿಕೊಂಡೆ. ಆದರೆ ಆ ಅಜ್ಜಿಯದು ಹಾಲಿನಂಥ ಬಿಳಿ ನಿಲುವಂಗಿ ಕಣ್ರೀ. ಆಟದ ನಡುವೆ ಒಂದು ಕೆಸರಿನ ಹೊಂಡವಿದೆ. ಅದರಲ್ಲಿ ಇಳಿದರೆ ಬಟ್ಟೆ ಕೊಳೆಯಾಗುವುದು ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಬೆಳಗಿನಿಂದ ಸಂಜೆಯವರೆಗೆ ಊರವರ ಕೆಸರು ತೆಗೆಯುವ ನನಗೆ ಅದರಲ್ಲಿ ಕಾಲಿಡಲು ಮನಸ್ಸೇ ಬರಲಿಲ್ಲ. ಹೊಂಡದಾಚೆ ಇಸ್ತ್ರಿಯವನು ಸಾಯುತ್ತಿದ್ದರೆ ನಾನು ಸುತ್ತು ಬಳಸಿ ಒಣ ದಾರಿಯಲ್ಲಿ ಹೋಗುತ್ತಿದ್ದೆ. 'ಅಕ್ಕಾ, ನಾನು ಸತ್ತೆ' ಅಂತ ಅವನು ಪಕ್ಕದ ಕುರ್ಚಿಯಲ್ಲೇ ಕೂತು ಗೋಳಾಡುತ್ತಿದ್ದ.

ಇನ್ನು ಗುರಾಣಿಯವನ ಜಾಗ. ಅದಕ್ಕೆ ಯಾರೂ ಸಿಗಲಿಲ್ಲ. ಹೊಡೆತ ತಿನ್ನುವ ಕೆಲಸ, ಹೆಸರು ಬರುವ ಕೆಲಸವಲ್ಲ. ಮಗಳು ಆಟದೊಳಗೇ 'ಇಸ್ತ್ರಿ ಪೆಟ್ಟಿಗೆ ತಂಡಕ್ಕೆ ಮುಂದೆ ನಿಲ್ಲುವವರು ಬೇಕಾಗಿದ್ದಾರೆ' ಅಂತ ಹಾಕಿದಳು. ಮರುದಿನವೇ ಒಬ್ಬ ಬಂದ. ಎಲ್ಲಿಯವನೋ, ಯಾರೋ. ಆಟದಲ್ಲಿ ಅವನ ಹೆಸರು ಗುಂಡುಕಲ್ಲು. ಮಾತಾಡು ಅಂದರೆ ಮೈಕು ಕೆಟ್ಟಿದೆ ಅಂತ ಬರೆದ. ಅಂದಿನಿಂದ ಇಂದಿನವರೆಗೂ ಕೆಟ್ಟೇ ಇದೆ. ಒಂದು ಮೈಕು ರಿಪೇರಿ ಮಾಡಿಕೊಳ್ಳಲಾರದ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡುತ್ತಾನೋ ಅಂತ ನಮಗೆಲ್ಲ ಕುತೂಹಲ.

ಅವನು ಆರಿಸಿಕೊಂಡಿದ್ದು ಆಮೆಯನ್ನು. ಯಾರೂ ಮುಟ್ಟದ ಪಾತ್ರ ಅದು, ಅಷ್ಟು ನಿಧಾನ. ಮಗಳು ಹಣೆ ಚಚ್ಚಿಕೊಂಡಳು. ಆದರೆ ಆ ಆಮೆ ಬಾಗಿಲಲ್ಲಿ ನಿಂತಿತು ಅಂದರೆ ಮುಗಿಯಿತು, ಯಾರ ಅಪ್ಪನಿಂದಲೂ ಕದಲಿಸಲು ಆಗದು. ಕೋಟೆಯಿಂದ ಹೊರಡುವಾಗ ನಾವು ನಾಲ್ವರೂ ದಾಟಿದ್ದೇವೋ ಇಲ್ಲವೋ ಅಂತ ಎಣಿಸಿ ಆಮೇಲೆ ಹೊರಡುತ್ತಾನೆ. ವಾಪಸು ಬರುವಾಗಲೂ ಅಷ್ಟೆ, ಕೊನೆಯವರು ಒಳಗೆ ಬರುವ ತನಕ ಹೊಸ್ತಿಲು ಬಿಡುವುದಿಲ್ಲ. 'ಬಾಗಿಲಿಂದ ದೂರ ನಿಲ್ಲಿ' ಅಂತ ಬರೆಯುತ್ತಾನೆ. ನಾವೆಲ್ಲ ಒಂದೇ ಕಡೆ ಗುಂಪು ಕಟ್ಟಿದರೆ 'ಭಾರ ಜಾಸ್ತಿ ಆಯ್ತು, ಒಬ್ಬರು ಇಳೀರಿ' ಅನ್ನುತ್ತಾನೆ. ಇಸ್ತ್ರಿಯವನು ನಕ್ಕು ನಕ್ಕು ಕುರ್ಚಿಯಿಂದ ಬಿದ್ದ. ಇಷ್ಟು ತಾಳ್ಮೆಯ ಗಂಡಸು ಈ ಲೋಕದಲ್ಲಿದ್ದಾನೆ ಅಂತ ನನಗೆ ಗೊತ್ತೇ ಇರಲಿಲ್ಲ. ನಿಮಗೆ ಹೊಟ್ಟೆ ಉರಿಯಲಿ ಅಂತ ಬರೆಯುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಅವನು ಬಂದ ಮೇಲೆ ಗೆಲ್ಲತೊಡಗಿದೆವು. ಊರಿನ ಸ್ಪರ್ಧೆಗೂ ಸೇರಿದೆವು. ಮೊನ್ನೆ ಸೆಮಿಫೈನಲ್ಲಿನಲ್ಲಿ ಗ್ಯಾರೇಜಿನ ಹುಡುಗರು ಎದುರಾಳಿಗಳು. ನಮ್ಮ ಆಮೆಯ ಸುದ್ದಿ ಅವರಿಗೆ ಮುಟ್ಟಿತ್ತು. ಆಯ್ಕೆ ಶುರುವಾದ ಕೂಡಲೇ ಆಮೆಯನ್ನು ತಾವೇ ಎತ್ತಿಕೊಂಡುಬಿಟ್ಟರು. ಒಬ್ಬರು ತೆಗೆದುಕೊಂಡದ್ದು ಇನ್ನೊಬ್ಬರಿಗಿಲ್ಲ, ಅದು ನಿಯಮ. ಮಗಳ ಮುಖ ಬೆಳ್ಳಗಾಯಿತು. ಗುಂಡುಕಲ್ಲು ಮಾತ್ರ ನಿಧಾನವಾಗಿ ಬರೆದ, 'ಆಮೆ ಹೋದ್ರೆ ಘೇಂಡಾಮೃಗ ಇದೆ ಪುಟ್ಟಿ. ಮೃಗ ಯಾವುದಾದ್ರೇನು, ಬಾಗಿಲಲ್ಲಿ ನಿಲ್ಲೋರು ಒಬ್ರು ಬೇಕು ಅಷ್ಟೆ.' ಮಗಳು ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ತನ್ನ ನರಿಯನ್ನು ಆರಿಸಿಕೊಂಡಳು.

ಕಡೆಯಲ್ಲಿ ನಾವು ನಾಲ್ವರೂ ಅವರ ಕೋಟೆಗೆ ಓಡುತ್ತಿದ್ದೆವು, ಅವನು ಹೊಂಡದ ಆಚೆ ಒಬ್ಬನೇ ಎದುರಿನ ಐವರನ್ನೂ ತಡೆದು ನಿಂತಿದ್ದ. ಜೀವದ ಗೆರೆ ಕೂದಲೆಳೆಯಷ್ಟು ಉಳಿದಿತ್ತು. ಒಣ ದಾರಿಯಲ್ಲಿ ಹೋದರೆ ನಾನು ಮುಟ್ಟುತ್ತಿರಲಿಲ್ಲ. ರೀ, ನಾನು ಕೆಸರಿಗೆ ಇಳಿದೆ. ಸೊಂಟದವರೆಗೆ. ಬಿಳಿ ನಿಲುವಂಗಿ ಕಪ್ಪಾಯಿತು, ನನಗೆ ಅದರ ಕಡೆ ನೋಡಬೇಕು ಅಂತಲೂ ಅನ್ನಿಸಲಿಲ್ಲ. ಮದ್ದು ಅವನಿಗೆ ಮುಟ್ಟಿತು, ಡಾಕ್ಟರಮ್ಮನ ಬಾಣ ಅವರ ದೀಪಕ್ಕೆ ಮುಟ್ಟಿತು. ಲಾಂಡ್ರಿಯಲ್ಲಿ ನಾವು ಕೂಗಿದ ಕೂಗಿಗೆ ಬೀದಿಯವರು ಬೆಂಕಿ ಬಿತ್ತೇನೋ ಅಂತ ಬಕೀಟು ಹಿಡಿದು ಬಂದರು. ನಾನು ಅಳುತ್ತಿದ್ದೆ. ಸಂತೋಷಕ್ಕೇ, ಸುಳ್ಳಲ್ಲ.

ಈಗ ಫೈನಲ್. ಬರುವ ಭಾನುವಾರ ಬೆಳಿಗ್ಗೆ, ಊರಿನ ದೊಡ್ಡ ಸಭಾಂಗಣದಲ್ಲಿ, ಜನರ ಮುಂದೆ. ಅಲ್ಲಿ ಐವರೂ ಸ್ವತಃ ಬಂದು ಕೂರಬೇಕು. ಒಬ್ಬರು ಕಮ್ಮಿಯಾದರೂ ತಂಡ ಹೊರಗೆ. ಇದನ್ನು ಗುಂಡುಕಲ್ಲಿಗೆ ತಿಳಿಸಿದೆವು. ಅವನು 'ನನಗೆ ಬರೋಕಾಗಲ್ಲ. ಬೇರೆಯವರನ್ನ ನೋಡ್ಕೊಳ್ಳಿ' ಅಂತ ಬರೆದು ಹೊರಟೇ ಹೋದ. ಬದಲಿಗೆ ಇಸ್ತ್ರಿಯವನ ಭಾಮೈದನನ್ನು ಕೂರಿಸಿ ನೋಡಿದೆವು. ಅವನಿಗೆ ಗುರಾಣಿ ಕೊಟ್ಟರೆ ಅದನ್ನು ಹೊತ್ತುಕೊಂಡು ಎಲ್ಲರಿಗಿಂತ ಮೊದಲು ಓಡಿಹೋಗಿ ಸಾಯುತ್ತಾನೆ. ಮಗಳು ನಗುವ ಹಾಗೆ ಮಾಡುತ್ತಾಳೆ. ಆದರೆ ಒಗೆಯದ ಬಟ್ಟೆಯ ರಾಶಿಯ ಮೇಲೆ ಕೂತು ಪರದೆಯನ್ನೇ ನೋಡುತ್ತಿರುತ್ತಾಳೆ, ಅವನ ಹೆಸರಿನ ಪಕ್ಕದ ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತದೇನೋ ಅಂತ. ನೋಡಲಾಗುವುದಿಲ್ಲ.

ಐವರಿಗೂ ಒಂದೇ ಥರದ ನೀಲಿ ಅಂಗಿ ಹೊಲಿಯುತ್ತೇನೆ ಅಂತ ಒಪ್ಪಿಕೊಂಡಿದ್ದೆ. ನಾಲ್ಕು ಮುಗಿದವು, ಜೇಬಿನ ಮೇಲೆ ಆಟದಲ್ಲಿನ ಅವರವರ ಹೆಸರನ್ನೂ ಹೊಲಿದೆ. ಐದನೆಯದಕ್ಕೆ ಅಳತೆ ಎಲ್ಲಿಂದ ತರಲಿ ಅಂತ ಮಗಳ ಮುಂದೆ ಗೊಣಗುತ್ತಿದ್ದೆ.

ಆಯ್ಕೆಯಲ್ಲಿ ಇನ್ನೊಂದು ನಿಯಮವಿದೆ. ಒಂದೇ ತಂಡದ ಇಬ್ಬರು ಒಂದೇ ಪಾತ್ರದ ಮೇಲೆ ಬೆರಳಿಟ್ಟರೆ ಯಾರಾದರೂ ಒಬ್ಬರು ಬಿಟ್ಟುಕೊಡಬೇಕು. ಇಬ್ಬರೂ ಹಿಡಿದ ಪಟ್ಟು ಬಿಡದಿದ್ದರೆ ಗಂಟೆ ಹೊಡೆಯುತ್ತದೆ, ಆ ಪಾತ್ರ ಇಬ್ಬರಿಗೂ ಇಲ್ಲ. ಇದನ್ನು ಕೇಳಿದ ದಿನ ನನಗೆ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ನಿಮಗೆ ಆ ಊರಿನಲ್ಲಿ ಇಡೀ ಲಿಫ್ಟ್ ರಿಪೇರಿ ವಿಭಾಗ ಕೊಡುತ್ತೇವೆ ಅಂತ ಕಂಪನಿಯವರು ಅಂದರು, ಎಲ್ಲರೂ ಹೋಗೋಣ ಅಂದಿರಿ. ನಾನು ಲಾಂಡ್ರಿ ಬಿಟ್ಟು ಕದಲುವುದಿಲ್ಲ ಅಂದೆ. ಇಬ್ಬರೂ ಮುಂದೆ ನಿಲ್ಲುವವರೇ. ಮದ್ದು ಹಚ್ಚುವವರು ಯಾರೂ ಇರಲಿಲ್ಲ. ಗಂಟೆ ಹೊಡೆಯಿತು. ಈಗ ಅನ್ನಿಸುತ್ತದೆ, ಮದ್ದಿನ ಅಜ್ಜಿಯಾಗಿಯೂ ನಾನು ಚೆನ್ನಾಗಿಯೇ ಬೈಯಬಲ್ಲೆ, ಏನೂ ಕಮ್ಮಿಯಾಗಿಲ್ಲ.

ಇಷ್ಟೆಲ್ಲ ನಿಮಗೇಕೆ ಬರೆದೆ ಅಂದರೆ, ಭಾನುವಾರ ಬಂದು ಮಗಳ ಆಟ ನೋಡಿ. ಅವಳು ಕರೆಯುವುದಿಲ್ಲ, 'ಅಪ್ಪಂಗೆ ಇದೆಲ್ಲ ಇಷ್ಟ ಇಲ್ಲ' ಅನ್ನುತ್ತಾಳೆ. ನೀವು ಬಂದರೆ ಅವಳಿಗೆ ಆಗುವ ಸಂತೋಷಕ್ಕೆ ಯಾವ ಬಹುಮಾನವೂ ಸಮನಲ್ಲ. ನನಗೂ ಆಗುತ್ತದೆ, ಬರೆದುಬಿಟ್ಟೆ. ಬಂದಾಗ ನಮ್ಮ ಕಟ್ಟಡದ ಲಿಫ್ಟನ್ನೂ ಒಮ್ಮೆ ನೋಡಿ. ನೀವು ಹೋದಾಗಿನಿಂದ ಎರಡನೆಯ ಮಹಡಿಯಲ್ಲಿ ನಿಂತು ಕೆಮ್ಮುತ್ತದೆ. ಬೇರೆ ಯಾರನ್ನೂ ಮುಟ್ಟಲು ಬಿಟ್ಟಿಲ್ಲ.

ಇಂತಿ ನಿಮ್ಮವಳಾದ
ಇಸ್ತ್ರಿ ಪೆಟ್ಟಿಗೆ ತಂಡದ ಮದ್ದಿನ ಅಜ್ಜಿ

ಮರೆತ ಮಾತು: ಕಟ್ಟಿನ ಅಡಿಯಲ್ಲಿ ನೀಲಿ ಅಂಗಿ ಇದೆ, ತೆಗೆದು ನೋಡಿ. ಜೇಬಿನ ಮೇಲೆ 'ಗುಂಡುಕಲ್ಲು' ಅಂತ ಹೊಲಿದಿದ್ದೇನೆ. ಅಳತೆಗೆ ಯಾರನ್ನೂ ಕೇಳಬೇಕಾಗಲಿಲ್ಲ, ಇಪ್ಪತ್ತು ವರ್ಷ ಒಗೆದ ಅಂಗಿಯ ಅಳತೆ ಕೈಗೇ ಗೊತ್ತು. ಎರಡು ವರ್ಷ ಹೋಟೆಲ್ ಊಟ ಮಾಡಿದ್ದೀರಿ ಅಂತ ಪಕ್ಕದ ಹೊಲಿಗೆಯಲ್ಲಿ ಸ್ವಲ್ಪ ಬಟ್ಟೆ ಬಿಟ್ಟಿದ್ದೇನೆ. ನೀವು ತಂಡಕ್ಕೆ ಬಂದ ವಾರದಲ್ಲೇ, ಲಿಫ್ಟಿನವರ ಹಾಗೆ 'ಬಾಗಿಲಿಂದ ದೂರ ನಿಲ್ಲಿ' ಅಂದಾಗಲೇ ನನಗೆ ಗೊತ್ತಾಗಿತ್ತು. ಮಗಳಿಗೆ ನಾನು ಹೇಳಿಲ್ಲ. ಆದರೆ ಮೊನ್ನೆ 'ಪುಟ್ಟಿ' ಅಂತ ಬರೆದಿರಲ್ಲ, ಅವತ್ತು ಮಲಗುವ ಮುಂಚೆ ಅವಳು ಬಂದು ನನ್ನ ಹೊಲಿಗೆ ಮಿಷನ್ನಿನ ಮೇಲೆ ನಿಮ್ಮ ಹಳೆಯ ಅಂಗಿಯೊಂದನ್ನು ಮಡಿಸಿಟ್ಟು ಹೋದಳು. ನನಗೆ ಅಳತೆಗೆ ಬೇಕಾಗುತ್ತದೆ ಅಂತ ಇರಬೇಕು. ಭಾನುವಾರ ನಾವು ನಾಲ್ವರೂ ಸಭಾಂಗಣದ ಹೊರಗೇ ಇರುತ್ತೇವೆ. ಈ ಸಲ ಬಾಗಿಲಲ್ಲಿ ನಿಂತು ಎಣಿಸುವವಳು ನಾನು. ಐದಾಗದೆ ಒಳಗೆ ಹೋಗುವುದಿಲ್ಲ.